ಹನ್ನೆರಡು ಗಂಟೆಯ ಎಳೆ

ಜುಲೈ 8, ಸೋಮವಾರ

ಇವತ್ತು ಆಪರೇಷನ್ ಕೋಣೆಯಲ್ಲಿ ನನಗಿಂತ ಮೊದಲು ಇನ್ನೊಬ್ಬರು ಬಾಯಿ ಬಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ಯಾರ ಮುಂದಾದರೂ ಹೇಳಿದರೆ ಗಿರಿಯಪ್ಪನಿಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಔಷಧ ಕಂಪನಿಯವನು ಜನವರಿಯಲ್ಲಿ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇದು ಯಾರಿಗೂ ಹೇಳುವುದಿಲ್ಲ.

ಹೊಸ ಸಿಸ್ಟರ್ ಬಂದಿದ್ದಾಳೆ. ಸವಣೂರಿನ ಹುಡುಗಿ, ಗುಲ್ನಾಜ ಅಂತ. ಹುಬ್ಬಳ್ಳಿಯಲ್ಲಿ ಎರಡು ವರ್ಷ ಕಣ್ಣಿನ ಕೋರ್ಸ್ ಮಾಡಿದ್ದಾಳಂತೆ. ನಾನು ಆಡೂರಿನ ಶಾಲೆಯಲ್ಲಿ ಐದನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಸುಭಾಸ ಡಾಕ್ಟರು ಶಿಗ್ಗಾವಿಯಲ್ಲಿ ಈ ಕಣ್ಣಿನ ಆಸ್ಪತ್ರೆ ತೆರೆದಾಗ ಕಸ ಹೊಡೆಯಲು ಸೇರಿದೆ. ಹಾಗೇ ಒಳಗೊಳಗೆ ಸರಿಯುತ್ತ ಆಪರೇಷನ್ ಕೋಣೆಗೆ ಬಂದೆ. ಅಲ್ಲಿ ನನ್ನದೊಂದು ಜಾಗವಿದೆ, ಗೋಡೆಯ ಟಿವಿಯ ಎದುರು. ಸೂಕ್ಷ್ಮದರ್ಶಕದಲ್ಲಿ ಡಾಕ್ಟರು ನೋಡುವ ಕಣ್ಣು ಆ ಟಿವಿಯಲ್ಲಿ ತಾಟಿನಷ್ಟು ದೊಡ್ಡದಾಗಿ ಕಾಣುತ್ತದೆ.

ಪೊರೆ ತೆಗೆಯುವುದೆಂದರೆ ಜನ ಏನೇನೋ ತಿಳಿದುಕೊಂಡಿದ್ದಾರೆ. ಕಣ್ಣೊಳಗಿನ ಮಸೂರ ಒಂದು ಮಾವಿನ ಹಣ್ಣಿದ್ದ ಹಾಗೆ. ಗೊರಟ ದೊಡ್ಡ ಮಾತಲ್ಲ, ಜಾರಿ ಹೊರಗೆ ಬರುತ್ತದೆ. ಗೊರಟ ಹೋದ ಮೇಲೆ ಸಿಪ್ಪೆಯ ಒಳಮೈಗೆ ನಾರು ಅಂಟಿಕೊಂಡಿರುತ್ತದಲ್ಲ, ಕಷ್ಟ ಇರುವುದು ಅದರಲ್ಲಿ. ಡಾಕ್ಟರು ಕಾರ್ಟೆಕ್ಸ್ ಎನ್ನುತ್ತಾರೆ, ನಾನು ಎಳೆ ಎನ್ನುತ್ತೇನೆ. ಸಿಪ್ಪೆ ಅಂದರೆ ತೆಳು ಚೀಲ, ಈರುಳ್ಳಿಯ ಒಳಪದರಕ್ಕಿಂತ ತೆಳು. ಅದು ಹರಿಯಬಾರದು, ಹೊಸ ಮಸೂರ ಕೂಡುವುದು ಅದರೊಳಗೇ. ಎಳೆ ಉಳಿಯಲೂ ಬಾರದು.

ಕೊನೆಗೆ ಡಾಕ್ಟರು ತಲೆ ಎತ್ತದೆ ಕೇಳುತ್ತಾರೆ, "ಗಿರಿಯಪ್ಪ, ಆತೇನು?" ಅವರೂ ನೋಡಿರುತ್ತಾರೆ. ಆದರೂ ಕೇಳುತ್ತಾರೆ. ನಾನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತೇನೆ: "ಮೂರಕ್ಕ ಒಂದೈತ್ರಿ", "ಏಳಕ್ಕ ಐತ್ರಿ". ಎಲ್ಲ ಹೋದ ಮೇಲೆ "ಸ್ವಚ್ಛ ಐತ್ರಿ" ಎನ್ನುತ್ತೇನೆ. ಆಮೇಲೇ ಹೊಸ ಮಸೂರ.

ಇವತ್ತು "ಆತೇನು" ಎನ್ನುವುದಷ್ಟೇ ತಡ, ನನ್ನ ಬೆನ್ನ ಹಿಂದಿನಿಂದ, "ಸರ್, ಹನ್ನೆರಡಕ್ಕ ಸಣ್ಣ ಎಳಿ ಐತ್ರಿ."

ಡಾಕ್ಟರು ಕೂಡುವುದು ರೋಗಿಯ ತಲೆಯ ಕಡೆ. ಹಾಗಾಗಿ ಟಿವಿಯಲ್ಲಿ ಗಡಿಯಾರ ತಲೆಕೆಳಗು, ಹನ್ನೆರಡು ಕೆಳಗೆ, ಆರು ಮೇಲೆ. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ. ಇವಳೂ ಎಡವಲಿ ಎಂದು ಕಾದಿದ್ದೆ. ಎಡವಲಿಲ್ಲ. ಅದೂ ಹನ್ನೆರಡು! ಕೊಯ್ದ ಬಾಯಿಯ ನೇರ ಕೆಳಗೇ ಇರುವ ಜಾಗ. ಎಳೆ ಹೀರುವ ಸೂಜಿ ಅಲ್ಲಿಂದಲೇ ಒಳಗೆ ಹೋಗಿ ಹಿಂದಕ್ಕೆ ತಿರುಗಿ ಹಿಡಿಯಬೇಕು, ಅದಕ್ಕೇ ಅಲ್ಲಿಯ ಎಳೆ ಎಲ್ಲಕ್ಕಿಂತ ಮೊಂಡು.

ಡಾಕ್ಟರು "ಭೇಷ್" ಎಂದರು.

ನನಗೆ ಯಾವಾಗ ಭೇಷ್ ಎಂದಿದ್ದರು ಎಂದು ಊಟದವರೆಗೂ ನೆನಪು ಮಾಡಿಕೊಂಡೆ.

ಜುಲೈ 10, ಬುಧವಾರ

ಆ ಹುಡುಗಿ ಮೂರು ಸಲ ನನಗಿಂತ ಮೊದಲು ಹೇಳಿದಳು. ಟಿವಿ ಹಾಳಾಗಿದೆ. ಬಣ್ಣ ಹಳದಿ ತಿರುಗಿದೆ, ಮಂಜು ಕವಿದಂತೆ ಇದೆ. ಸ್ಪಿರಿಟ್ ಹಚ್ಚಿ ಎರಡು ಸಲ ಒರೆಸಿದೆ. ಹೊಸದು ತರಿಸಿ ಎಂದರೆ ಡಾಕ್ಟರು, "ಹ್ವಾದ ವರ್ಷನ ತಂದೇವಲ್ಲೋ" ಎಂದರು. ಒಂದೇ ವರ್ಷಕ್ಕೆ ಹೀಗಾದರೆ ಕೊಟ್ಟವನು ಮೋಸ ಮಾಡಿದ್ದಾನೆ. ಅವಳು ಈಗ ನನಗಿಂತ ಮುಂದೆ, ಟಿವಿಯ ಹತ್ತಿರ ನಿಲ್ಲುತ್ತಾಳೆ, ಅದಕ್ಕೆ ಕಾಣುತ್ತದೆ. ನಾಳೆಯಿಂದ ನಾನೂ ಒಂದು ಹೆಜ್ಜೆ ಮುಂದೆ.

ಜುಲೈ 19, ಶುಕ್ರವಾರ

ಚಹಾದ ಹೊತ್ತಿನಲ್ಲಿ ಡಾಕ್ಟರು ಅವಳನ್ನು ಎದುರು ಕೂರಿಸಿಕೊಂಡು ಎರಡು ನಳಿಕೆಯ ಸೂಜಿಯನ್ನು ಕೈಗೆ ಕೊಟ್ಟರು. ಒಂದರಿಂದ ಕಣ್ಣೊಳಗೆ ನೀರು ಹೋಗುತ್ತದೆ, ಇನ್ನೊಂದರಿಂದ ಎಳೆಯನ್ನು ಹೀರುತ್ತಾರೆ. ದಿನವೂ ಅದನ್ನು ತೊಳೆಯುವವನು ನಾನು.

"ಮೊದಲ ನೀರು, ಆಮ್ಯಾಲೆ ಹೀರೂದು. ನೀರು ನಿಂತ್ರ ಕಣ್ಣು ಕುಸೀತೈತಿ, ಚೀಲ ಮ್ಯಾಲ ಬಂದು ಸೂಜಿಗೆ ಬಡೀತೈತಿ. ಸೂಜಿ ಬಾಯಿ ಯಾವಾಗ್ಲೂ ಮ್ಯಾಲ ಇರಬೇಕು. ಕೆಳಗ ಮಾಡಿದ್ರ ಎಳಿ ಬಿಟ್ಟು ಚೀಲಾನ ಹಿಡೀತೈತಿ."

"ಎಳೀನ ನೆಟ್ಟಗ ನಡುವಕ್ಕ ಯಾಕ ಜಗ್ಗಂಗಿಲ್ರಿ ಸರ್? ಅಂಚಿಗುಂಟ ಯಾಕ ಜಗ್ಗತೀರಿ?"

"ಚೀಲ ಸುತ್ತಲೂ ದಾರದಾಗ ಕಟ್ಟಿದಂಗ ಐತಿ. ನೆಟ್ಟಗ ಜಗ್ಗಿದ್ರ ಭಾರ ಎಲ್ಲಾ ಒಂದ ಕಡೆ ದಾರದ ಮ್ಯಾಲ ಬೀಳ್ತೈತಿ. ಅಂಚಿಗುಂಟ ಜಗ್ಗಿದ್ರ ಹಂಚಿ ಹೋಗ್ತೈತಿ, ಎಳಿ ತಾನ ಬಿಡ್ತೈತಿ."

"ತಪ್ಪಿ ಚೀಲಾನ ಹಿಡದ್ರ ಹೆಂಗ ಗೊತ್ತಾಗ್ತೈತ್ರಿ?"

"ಜೇಡರ ಬಲಿ ಹಂಗ ಗೆರಿ ಬೀಳ್ತಾವು. ಕಂಡ ಕೂಡ್ಲೇ ಕೈ ನಿಲ್ಲಿಸಿ ನೀರು ಹಿಂದಕ್ಕ ಒತ್ತಬೇಕು, ಜಗ್ಗಬಾರ್ದು."

"ಹನ್ನೆರಡರದ್ದು ಬರಲಿಲ್ಲಂದ್ರ?"

"ಬಗಲಿಗೆ ಸಣ್ಣ ಕಿಂಡಿ ಮಾಡಿ ಅಲ್ಲಿಂದ ಹೋಗಬೇಕು. ಅದಕ್ಕೂ ಬರಲಿಲ್ಲಂದ್ರ ಜಿದ್ದು ಮಾಡಬಾರ್ದು. ಚೂರು ಉಳೀಲಿ, ಚೀಲ ಉಳಿದ್ರ ಸಾಕು."

ನಾನು ಬೆನ್ನು ಮಾಡಿ ಟ್ರೇ ತೊಳೆಯುತ್ತಿದ್ದೆ. ಡಾಕ್ಟರು ಅಂಚಿಗುಂಟ ಎಳೆಯುವುದನ್ನು ಸಾವಿರಾರು ಸಲ ನೋಡಿದ್ದೇನೆ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಂದು ಎರಡು ವಾರ ಆಗದವಳಿಗೆ ಚಹಾ ಆರುವವರೆಗೂ ಹೇಳಿದರು. ಕೇಳಿದ್ದರೆ ನನಗೂ ಹೇಳುತ್ತಿದ್ದರೇನೋ. ಆದರೆ ಕಸ ಹೊಡೆಯಲು ಬಂದವನು ಕೇಳುವುದು ಹೇಗೆ?

ಟ್ರೇ ಬಿತ್ತು. ಕೈಜಾರಿತೋ ನಾನೇ ಬೀಳಿಸಿದೆನೋ, ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ಜುಲೈ 26, ಶುಕ್ರವಾರ

ಶಾರವ್ವ ಇವತ್ತು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಮದುವ್ಯಾಗಿ ನಲವತ್ತು ವರ್ಷಾತು, ನನ್ನ ಸುದ್ದಿ ಯಾರ ಮುಂದರೆ ಇಷ್ಟು ಹೇಳೀರೇನು? ಬಂದ ಕೂಡ್ಲೇ ಗುಲ್ನಾಜ ಹಂಗ ಅಂದ್ಲು, ಗುಲ್ನಾಜ ಹಿಂಗ ನಿಂತ್ಲು."

"ನನ್ನ ಜಾಗಾ ಕಸ್ಕೊಳ್ಳಾಕತ್ತಾಳ, ಸುದ್ದಿ ಹೇಳದ ಏನ್ ಹಾಡು ಹಾಡ್ಲೇನು?"

"ಹಾಡ್ರಿ ಬೇಕಾದ್ರ, ಚಹಾ ನೆಲಕ್ಕ ಹಾಕಬ್ಯಾಡ್ರಿ."

ನೋಡಿದರೆ ಚಹಾ ಬಟ್ಟಲಿನ ಹೊರಗೆ ಸುರಿದಿತ್ತು. ಈ ಹೊಸ ಬಟ್ಟಲುಗಳ ಬಾಯಿ ಬಹಳ ಸಣ್ಣದು.

ಆ ಹುಡುಗಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಸವಣೂರ ಖಾರ ಮುಂದೆ ಹಿಡಿದಳು. "ತಿನ್ರಿ ಗಿರಿಯಪ್ಪ ಕಾಕಾ, ನಮ್ಮಮ್ಮಿ ನಿಮಗಂತನ ಕಟ್ಟಿ ಕೊಟ್ಟಾಳ." ಹಲ್ಲು ನೋವು ಎಂದೆ. ನನಗೆ ಹಲ್ಲು ನೋವು ಬಂದೇ ಇಲ್ಲ. ಎದುರಿಗಿದ್ದ ವಾರ್ಡಿನವರು ಕರುಕುರು ತಿನ್ನುತ್ತಿದ್ದರು, ಆ ಸದ್ದು ಕೇಳಿಕೊಂಡು ಕೂತೆ.

ಆಗಸ್ಟ್ 6, ಮಂಗಳವಾರ

ಇವತ್ತು ನಾನು ಗೆದ್ದೆ.

ಶಿಬಿರದ ದಿನ. ಹಿರೇಕೆರೂರು, ಹಾನಗಲ್ ಕಡೆಯಿಂದ ಗಾಡಿ ತುಂಬಿ ಬಂದಿದ್ದರು, ಒಟ್ಟು ಇಪ್ಪತ್ತೆಂಟು ಕಣ್ಣು. ಬೆಳಿಗ್ಗೆಯೇ ನಿರ್ಧಾರ ಮಾಡಿದ್ದೆ, ಅವಳಿಗೆ ಬಾಯಿ ಬಿಡಲು ಎಡೆ ಕೊಡಬಾರದು ಎಂದು. ಡಾಕ್ಟರು "ಗಿರಿಯಪ್ಪ" ಎನ್ನುವಷ್ಟರಲ್ಲಿ ನಾನು "ಸ್ವಚ್ಛ ಐತ್ರಿ". "ಆತೇನು" ಎನ್ನುವುದಕ್ಕೂ ಬಿಡಲಿಲ್ಲ. ಡಾಕ್ಟರು ನಕ್ಕು, "ಇವತ್ತ ಗಿರಿಯಪ್ಪನ ಗಾಡಿ ಜೋರೈತಿ" ಎಂದರು.

ಇಪ್ಪತ್ತೆರಡನೆಯದು ದುಂಡಸಿಯ ಸಿದ್ದವ್ವನದು. ಪಾಪೆ ಸಣ್ಣದಾಗಿ ಮುಚ್ಚಿಕೊಳ್ಳುತ್ತಿತ್ತು, ಡಾಕ್ಟರ ಕೈಯೂ ದಣಿದಿತ್ತು. ನಾನು "ಸ್ವಚ್ಛ ಐತ್ರಿ" ಎಂದಾಗ ಹುಡುಗಿ ಉಸಿರು ಎಳೆದುಕೊಂಡಳು, ಏನೋ ಹೇಳುವವಳಂತೆ. ನಾನು ತಿರುಗಿ ನೋಡಿದೆ. ಅವಳು ತಲೆ ತಗ್ಗಿಸಿದಳು. ದೊಡ್ಡವರ ಮುಂದೆ ಹಾಗಿರಬೇಕು.

ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಆಗಸ್ಟ್ 9, ಶುಕ್ರವಾರ

ಸಿದ್ದವ್ವ ತಿರುಗಿ ಬಂದಿದ್ದಾಳೆ. ಕಣ್ಣು ಕೆಂಡದ ಹಾಗೆ, ತಲೆ ಸಿಡಿಯುತ್ತದೆ ಎನ್ನುತ್ತಾಳೆ. ಕಣ್ಣಿನ ಮುಂಭಾಗದಲ್ಲಿ ಹತ್ತಿಯಂಥದ್ದು ತೇಲುತ್ತಿದೆಯಂತೆ.

ಡಾಕ್ಟರು ಮಂಗಳವಾರದ ವಿಡಿಯೋ ಹಚ್ಚಿಸಿದರು. ಇಪ್ಪತ್ತೆರಡನೆಯ ಕಣ್ಣು ಬಂತು. ನನ್ನ ದನಿಯೂ ಬಂತು: "ಸ್ವಚ್ಛ ಐತ್ರಿ." ಡಾಕ್ಟರು ಅಲ್ಲೇ ನಿಲ್ಲಿಸಿದರು.

"ಹನ್ನೆರಡಕ್ಕ ನೋಡ್ರಿ, ಇಷ್ಟು ದೊಡ್ಡ ಎಳಿ ಐತಿ."

ಲೆಕ್ಕ ಬರೆಯುವವನೂ ಬಾಗಿಲಲ್ಲಿ ನಿಂತು "ಹೌದ್ರಲ್ಲಾ" ಎಂದ. ವಾರ್ಡಿನ ಆಯಾ ಕೂಡ ಬೆರಳು ತೋರಿಸಿದಳು. ನಾನು ಟಿವಿಗೆ ಮೂಗು ಹಚ್ಚಿ ನೋಡಿದೆ.

"ಎಲ್ಲಿ?" ಎಂದೆ.

ಡಾಕ್ಟರು ಜೇಬಿನಿಂದ ಸಣ್ಣ ಟಾರ್ಚ್ ತೆಗೆದು, ಹೆಗಲ ಮೇಲೆ ಕೈ ಇಟ್ಟು, ನನ್ನ ಕಣ್ಣಿಗೆ ಬಿಟ್ಟರು. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು.

"ಎಷ್ಟು ದಿನಾತೋ ಹಿಂಗ?"

"ಟಿವಿ ಮಂಜ ಐತ್ರಿ ಸಾಹೇಬ್ರ."

"ಟಿವಿ ಅಲ್ಲಪಾ" ಎಂದರು.

ಆಗ ಗುಲ್ನಾಜ ಅಳತೊಡಗಿದಳು. "ಸರ್, ಅವತ್ತ ನನಗ ಕಂಡಿತ್ರಿ. ಕಾಕಾ ಸ್ವಚ್ಛ ಅಂದ್ರು. ದೊಡ್ಡಾವ್ರ ಮಾತಿಗೆ ಎದುರು ಆಡೂದು ಹೆಂಗಂತ ಸುಮ್ಮನಾದೆ. ತಪ್ಪು ನಂದ್ರಿ."

"ತಪ್ಪು ನಂದು. ಸೂಜಿ ಹಿಡದ ಕೈ ನಂದು" ಎಂದರು ಡಾಕ್ಟರು. "ಗೊತ್ತಿದ್ದು ಚೂರು ಬಿಡೂದು ಬ್ಯಾರೆ, ಕಾಣದ ಇಷ್ಟು ಬಿಡೂದು ಬ್ಯಾರೆ. ಹನಿ ಹಾಕಿ ಒತ್ತಡ ಇಳಸೂಣು. ಸೋಮವಾರ ಮತ್ತ ತೊಳಿಯೂಣು."

ಆಗಸ್ಟ್ 10, ಶನಿವಾರ

ನನ್ನ ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಹಣ್ಣಾಗಿದೆಯಂತೆ.

ನಿನ್ನೆ ಇಬ್ಬರೂ ತಪ್ಪನ್ನು ನಂದು ನಂದು ಎಂದು ಹಂಚಿಕೊಂಡರು. ನನಗೆ ಅದರಲ್ಲೂ ಒಂದು ಚೂರು ಉಳಿಸಲಿಲ್ಲ. ಭೇಷ್ ಅವಳಿಗೆ, ಪಾಠ ಅವಳಿಗೆ, ಕೊನೆಗೆ ತಪ್ಪೂ ಅವಳಿಗೇ. ಮುದುಕ, ಕಣ್ಣು ಕಾಣದವ, ಪಾಪ ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು.

ಕಾಣದೆ ಹೇಳಿದ್ದಲ್ಲ ನಾನು. ನೋಡಲೇ ಇಲ್ಲ. ಅವಳಿಗಿಂತ ಮೊದಲು ಹೇಳುವ ಆತುರದಲ್ಲಿ ಅವತ್ತು ಟಿವಿಯ ಕಡೆ ನೋಡಿದ್ದಕ್ಕಿಂತ ಅವಳ ಮಾಸ್ಕ್ ಅಲುಗುತ್ತದೇನೋ ಎಂದು ನೋಡಿದ್ದೇ ಹೆಚ್ಚು. ಅದು ಯಾವ ವಿಡಿಯೋದಲ್ಲೂ ಬಂದಿಲ್ಲ.

ಆಗಸ್ಟ್ 11, ಭಾನುವಾರ

ದುಂಡಸಿಗೆ ಬಸ್ಸು ಹಿಡಿದು ಹೋದೆ. ಬಸ್ಸಿನ ಬೋರ್ಡು ಓದಲು ಇನ್ನೊಬ್ಬರನ್ನು ಕೇಳಬೇಕಾಯಿತು.

ಸಿದ್ದವ್ವ ಪಡಸಾಲೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಸೊಸೆ ಪೂಜಾ ಹನಿ ಹಾಕುತ್ತಿದ್ದಳು. ಆಸ್ಪತ್ರೆಯವರು ಮನೆತನಕ ಬಂದರೆಂದು ಇಬ್ಬರಿಗೂ ಸಂತೋಷ. "ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದರು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ಸಿದ್ದವ್ವಾ, ನಿನ್ನ ಕಣ್ಣಾಗ ಎಳಿ ಉಳಿದದ್ದು ನನ್ನಿಂದ. ನೋಡದ ಸ್ವಚ್ಛ ಐತಿ ಅಂದುಬಿಟ್ಟೆ."

"ಯಾಕ ಅಂದಿ?"

"ಅಲ್ಲಿ ಒಬ್ಬಾಕಿ ಹುಡುಗಿ ಅದಾಳ. ಆಕಿಗಿಂತ ಮೊದಲ ಅನ್ನಬೇಕಿತ್ತು."

ಪೂಜಾ ಹನಿಯ ಬಾಟಲಿ ಹಿಡಿದು ಹಾಗೇ ನಿಂತಳು. ಸಿದ್ದವ್ವ ಕಪ್ಪು ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ಹೇಳಿದಳು:

"ನಾ ಬೀಜದ ಹೊಲದಾಗ ಕ್ರಾಸಿಂಗ್ ಮಾಡಾಕಿ. ಹತ್ತಿ ಮೊಗ್ಗು ಉಗುರಿಲೆ ಬಿಡಿಸಿ ಒಳಗಿನ ಗಂಡು ಕೇಸರ ಎಲ್ಲಾ ತೆಗೀಬೇಕು, ನಡುವಿನ ಕಡ್ಡಿಗೆ ಪೆಟ್ಟಾಗಬಾರ್ದು. ಒಂದು ಕೇಸರ ಉಳಿದ್ರೂ ಆ ಕಾಯಿ ಬೀಜಕ್ಕ ಬರಂಗಿಲ್ಲ. ಬಾಜೂ ಸಾಲಿನಾಕಿಗಿಂತ ಮೊದಲ ಸಾಲು ಮುಗಸಬೇಕಂತ ನಾನೂ ಎಷ್ಟೋ ಸಲ ಬಿಟ್ಟೇನಿ, ಸುಳ್ಳು ಯಾಕ ಹೇಳ್ಲಿ."

ನನಗೆ ಸ್ವಲ್ಪ ಜೀವ ಬಂತು.

"ಆದ್ರ ಅವು ಮೊಗ್ಗೋ ಯಪ್ಪಾ. ಇದು ನನ್ನ ಕಣ್ಣು."

ಚಹಾ ಕೊಟ್ಟರು. ಕುಡಿದೆ. ಹೊರಡುವಾಗ ಅವಳು ಕೂತಲ್ಲಿಂದಲೇ ಕೂಗಿ ಹೇಳಿದಳು, "ನಾಳಿ ನೀ ಮಾತ್ರ ಹೇಳಬ್ಯಾಡ, ಸ್ವಚ್ಛ ಅಂತ."

ಆಗಸ್ಟ್ 12, ಸೋಮವಾರ

ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋಗಿ ದುಂಡಸಿಯಲ್ಲಿ ಹೇಳಿದ್ದನ್ನೇ ಹೇಳಿದೆ. ನೋಡದೆ ಹೇಳಿದೆ, ಹೊಟ್ಟೆಕಿಚ್ಚಿಗೆ ಹೇಳಿದೆ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಬೈದರೆ ಚೆನ್ನಾಗಿತ್ತು. "ನಾನೂ ನಿನ್ನ ದನಿ ಕೇಳಿ ಕೈ ಬಿಟ್ಟೆ" ಎಂದರು. "ರೂಢಿ ಆಗಿತ್ತು."

ಸಿದ್ದವ್ವನನ್ನು ಮಲಗಿಸಿದರು. ನಾನು ಟಿವಿಯ ಎದುರು ನಿಲ್ಲಲಿಲ್ಲ, ಬಾಗಿಲ ಬಳಿ ನಿಂತೆ. ಡಾಕ್ಟರು ಈ ಸಲ ಬಗಲಿಗೆ ಕಿಂಡಿ ಮಾಡಿ ಅಲ್ಲಿಂದ ಹನ್ನೆರಡಕ್ಕೆ ಹೋದರು. ಮೊದಲು ನೀರು, ಆಮೇಲೆ ಸೂಜಿ. ಹೊಸ ಮಸೂರವನ್ನು ಮೆಲ್ಲಗೆ ತಿರುಗಿಸಿ ಅದರ ಹಿಂದೆ ಸಿಕ್ಕಿದ್ದನ್ನು ಸಡಿಲ ಮಾಡಿದರು.

"ಗಿರಿಯಪ್ಪ, ಆತೇನು?"

ಬಾಯಿ ರೂಢಿಗೆ ಬಿದ್ದು ಹೇಳಿಬಿಟ್ಟೀತು ಎಂದು ನಾಲಗೆ ಕಚ್ಚಿಕೊಂಡೆ.

"ನನ್ನ ಕೇಳಬ್ಯಾಡ್ರಿ. ಆಕೀನ್ನ ಕೇಳ್ರಿ."

ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ನನಗೆ ಸಿಟ್ಟು ಬಂತು.

"ನನ್ನ ಮಾರಿ ಏನ್ ನೋಡ್ತಿ ಬೇ? ನನ್ನ ಮಾರ್ಯಾಗೇನ್ ಎಳಿ ಐತೇನು? ಟಿವಿ ನೋಡು. ನಾ ಅಂದ್ರೂ ಕೇಳಬ್ಯಾಡ, ಡಾಕ್ಟರ್ ಅಂದ್ರೂ ಕೇಳಬ್ಯಾಡ. ಕಂಡದ್ದು ಹೇಳು."

ಹೊದಿಕೆಯ ಕೆಳಗಿನಿಂದ ಸಿದ್ದವ್ವ, "ಹೌದು, ಹೇಳು ನನ್ನವ್ವಾ" ಎಂದಳು. ಡಾಕ್ಟರು ಅವಳಿಗೆ ಮಾತಾಡಬ್ಯಾಡ ಎಂದರು.

"ಇನ್ನೂ ಐತ್ರಿ ಸರ್" ಎಂದಳು ಗುಲ್ನಾಜ. ಸ್ವಲ್ಪ ಹೊತ್ತಿಗೆ ಮತ್ತೆ, "ಒಂದೂವರಿಗೆ ಚೂರೈತ್ರಿ." ಬಹಳ ಹೊತ್ತಿನ ಮೇಲೆ, "ಈಗ ಸ್ವಚ್ಛ ಐತ್ರಿ."

ಗುಲ್ನಾಜಳ ದನಿ ಸಣ್ಣದು. ಅಷ್ಟು ಸಣ್ಣ ದನಿಯಲ್ಲಿ ಹೇಳಿದರೆ ಶಿಬಿರದ ದಿನ ಯಾರಿಗೆ ಕೇಳುತ್ತದೆ? ಗಟ್ಟಿಯಾಗಿ ಹೇಳಲು ಕಲಿಸಬೇಕು.

ಸೆಪ್ಟೆಂಬರ್ 5, ಗುರುವಾರ

ಮಂಗಳವಾರ ನನ್ನ ಬಲಗಣ್ಣು ಆಯಿತು. ಬರೆಯಬೇಡಿ ಎಂದಿದ್ದಾರೆ. ನಾಲ್ಕೇ ಸಾಲು.

ಹೊದಿಕೆಯ ಕೆಳಗೆ ಮಲಗಿದರೆ ಬೆಳಕು ಬಿಟ್ಟು ಏನೂ ಕಾಣುವುದಿಲ್ಲ, ಕಿವಿ ಮಾತ್ರ. ಎಷ್ಟೋ ಸಾವಿರ ಜನ ಹೀಗೆ ಮಲಗಿ ನನ್ನ ದನಿ ಕೇಳಿರಬೇಕು. ಡಾಕ್ಟರು "ಆತೇನು" ಎಂದರು. ಗುಲ್ನಾಜ ಎರಡು ಸಲ "ಇನ್ನೂ ಐತ್ರಿ" ಎಂದಳು. ಗಟ್ಟಿಯಾಗಿಯೇ ಹೇಳಿದಳು. ಮೂರನೆಯ ಸಲ ಅಂದಿದ್ದರೂ ನಾನು ಅಲುಗಾಡುತ್ತಿರಲಿಲ್ಲ.

ಸೆಪ್ಟೆಂಬರ್ 16, ಸೋಮವಾರ

ಸಿದ್ದವ್ವ ತಪಾಸಣೆಗೆ ಬಂದಿದ್ದಳು. ಗೋಡೆಯ ಪಟದಲ್ಲಿ ಕೆಳಗಿನಿಂದ ಎರಡನೆಯ ಸಾಲಿನತನಕ ಹೇಳಿದಳು. ಮುಂದಿನ ವಾರದಿಂದ ಹೊಲಕ್ಕೆ ಹೋಗುತ್ತಾಳಂತೆ. ನನ್ನ ಕಡೆ ನೋಡಿದಳು, ಮಾತಾಡಿಸಲಿಲ್ಲ. ಗುಲ್ನಾಜಳಿಗೆ ಸೆರಗಿನಿಂದ ಬಿಚ್ಚಿ ಶೇಂಗಾ ಕೊಟ್ಟಳು. ನನಗೂ ಕೊಡುತ್ತಾಳೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ಕಸಬರಿಗೆ ಹಿಡಿದು ನಿಂತೆ. ಕೊಡಲಿಲ್ಲ.

ಸೆಪ್ಟೆಂಬರ್ 30, ಸೋಮವಾರ

ಇವತ್ತು ಮತ್ತೆ ಆಪರೇಷನ್ ಕೋಣೆಗೆ ಕರೆದರು.

ಟಿವಿಯ ಬಣ್ಣ ನೋಡಿ ಗಾಬರಿಯಾಯಿತು. ನೀಲಿ ಎಂದರೆ ನೀಲಿ, ಕೆಂಪು ಎಂದರೆ ಕೆಂಪು. ಎಡಗಣ್ಣು ಮುಚ್ಚಿದರೆ ಒಂದು ಲೋಕ, ಬಲಗಣ್ಣು ಮುಚ್ಚಿದರೆ ಇನ್ನೊಂದು. ಗುಲ್ನಾಜ ಟಿವಿಯ ಎದುರು, ನನ್ನ ಜಾಗದಲ್ಲಿ. "ಬರ್ರಿ ಕಾಕಾ, ಇಲ್ಲಿ ನಿಂದರ್ರಿ" ಎಂದು ಸರಿದಳು. "ನಿಂದರು ನಿಂದರು, ಎತ್ತ ಸರೀತಿ" ಎಂದು ಅವಳ ಹಿಂದೆ ನಿಂತೆ.

ಹಾನಗಲ್ಲಿನ ಒಬ್ಬ ಮಾಸ್ತರರ ಕಣ್ಣು. ಗೊರಟ ಬಂತು. ಸೂಜಿ ಹೋಯಿತು. ಎಳೆ ಅಂಚಿಗುಂಟ ಸುಲಿದು ಬರುತ್ತಿತ್ತು, ಭಾರ ಹಂಚಿ ಹೋಗುವುದು ಈಗ ನನಗೆ ಕಾಣುತ್ತದೆ. ಯಾಕೆ ಎಂದು ಗೊತ್ತಿದ್ದರೆ ನೋಡುವುದೇ ಬೇರೆ.

ಡಾಕ್ಟರು ಕೇಳಿದರು. "ಗುಲ್ನಾಜ, ಆತೇನು?"

ನನ್ನ ಹೆಸರು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಕಾದಿದ್ದೆ.

ಹನ್ನೆರಡಕ್ಕೆ ಒಂದು ಎಳೆ ಇತ್ತು. ಕೂದಲಿನಷ್ಟು. ಕಂಡ ಕೂಡಲೇ ಮಾತು ಬಾಯಿಗೆ ಬಂತು. ತಡೆದುಕೊಂಡೆ. ಒಂದು ಉಸಿರು. ಅವಳು ನೋಡುತ್ತಿದ್ದಳು. ಎರಡನೆಯ ಉಸಿರು. ಇವಳಿಗೆ ಕಾಣದಿದ್ದರೆ ಹೇಳಿಯೇ ಬಿಡುತ್ತೇನೆ, ಮಾಸ್ತರರ ಕಣ್ಣು ಯಾರಪ್ಪನದೂ ಅಲ್ಲ ಎಂದುಕೊಂಡೆ.

"ಹನ್ನೆರಡಕ್ಕ ಐತ್ರಿ ಸರ್" ಎಂದಳು.

ಎರಡು ಉಸಿರು ಮೊದಲೇ ನಾನು ನೋಡಿದ್ದೆ. ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ ಅಷ್ಟೇ. ಮೂರನೆಯ ಉಸಿರಿಗೆ ಬಾಯಿ ತೆರೆದೇ ಬಿಟ್ಟಿದ್ದೆ. ಮಾಸ್ಕ್ ಇತ್ತು, ಯಾರಿಗೂ ಕಾಣಲಿಲ್ಲ.